ಶಾಂತಮ್ಮ ಬಿಟ್ಟುಹೋದ ಓಣಿ

ಚನ್ನಗಿರಿಗೆ ಬಂದು ನೆಲೆಸಿದ ಮೊದಲ ಬೆಳಿಗ್ಗೆ ನನ್ನ ಮೊಮ್ಮಗಳು ತನು ಒಂದು ಗಾಜಿನ ನಳಿಕೆ ತಂದು ನನ್ನ ಕೈಗೆ ಕೊಟ್ಟಳು. ಒಳಗಿದ್ದದ್ದು ಅವಳದೇ ಮೂತ್ರ. ನಾನಿನ್ನೂ ಚಹಾ ಕುಡಿದಿರಲಿಲ್ಲ.

"ಬೆಳಕಿಗೆ ಹಿಡಿ ತಾತ. ಈಗ ಈ ಬಾಟ್ಲಿಯಿಂದ ಹನಿ ಬಿಡು. ನಿಧಾನ! ಅಜ್ಜಿ ಒಂದ್ ಹನೀನೂ ಚೆಲ್ತಿರಲಿಲ್ಲ."

ಆಸ್ಪತ್ರೆಯವರು ಪರೀಕ್ಷೆಗೆಂದು ಕೊಟ್ಟ ಔಷಧಿಯಂತೆ ಅದು. ಹನಿ ಬಿಟ್ಟೆ. ಇಬ್ಬರೂ ಕಿಟಕಿಯ ಹತ್ತಿರ ನಿಂತು ನೋಡಿದೆವು. "ತಿಳಿ ಐತೆ," ಎಂದು ಏಳು ವರ್ಷದ ಆ ಹುಡುಗಿ ತೀರ್ಪು ಕೊಟ್ಟು ಹಲ್ಲುಜ್ಜಲು ಹೋದಳು. ಹಾಲಿನಂತೆ ಬೆಳ್ಳಗಾಗಿದ್ದರೆ ಮೂತ್ರಪಿಂಡದಿಂದ ಪ್ರೋಟೀನ್ ಸೋರುತ್ತಿದೆ ಎಂದು ಅರ್ಥವಂತೆ. ಜಗಳೂರಿನಲ್ಲಿ ನನ್ನದು ಸೈಕಲ್ ಶಾಪು. ಟ್ಯೂಬನ್ನು ನೀರಿಗೆ ಅದ್ದಿ ಪಂಕ್ಚರ್ ಹುಡುಕುತ್ತಲೇ ವಯಸ್ಸಾದವನು. ಸೋರಿಕೆ ನೋಡುವ ಕೆಲಸ ನನಗೆ ಹೊಸದಲ್ಲ. ಉಸಿರು ಬಿಗಿಹಿಡಿದು ನೋಡಿದ್ದು ಮಾತ್ರ ಅವತ್ತೇ ಮೊದಲು.

ಈ ಕೆಲಸ ಮೊದಲು ನನ್ನ ಹೆಂಡತಿ ಶಾಂತಮ್ಮನದಾಗಿತ್ತು. ನಮ್ಮ ಮಗಳು ಮಂಜುಳಾ ಇಲ್ಲಿಯ ಶಾಲೆಯೊಂದರಲ್ಲಿ ಟೀಚರ್. ಅಳಿಯ ಷಣ್ಮುಖ ಗೂಡ್ಸ್ ವ್ಯಾನ್ ಇಟ್ಟುಕೊಂಡು ಹೊನ್ನಾಳಿ, ನ್ಯಾಮತಿ ಕಡೆಗೆ ಬಾಡಿಗೆಗೆ ಹೋಗುತ್ತಾನೆ. ತನುವಿನ ಮುಖ, ಕಾಲು ಊದಿಕೊಂಡು ಕಾಯಿಲೆ ಪತ್ತೆಯಾದಾಗ ಶಾಂತಮ್ಮ ಒಂದು ತಿಂಗಳಿಗೆಂದು ಇಲ್ಲಿಗೆ ಬಂದಳು. ಎರಡು ವರ್ಷ ಉಳಿದಳು. ಹೋದ ವರ್ಷ ಒಂದು ಮಧ್ಯಾಹ್ನ ಊಟವಾದ ಮೇಲೆ ಮಲಗಿದವಳು ಏಳಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ನಾನು ಶಾಪಿನ ಬಾಗಿಲು ಹಾಕಿ, ಅವಳು ಮಲಗುತ್ತಿದ್ದ ಮಂಚಕ್ಕೆ ಬಂದೆ.

ದಾವಣಗೆರೆಯಲ್ಲಿ ಬಸ್ಸು ಬದಲಿಸಿದರೆ ಅರ್ಧ ದಿನದ ದಾರಿಯೂ ಅಲ್ಲ, ಇದನ್ನೂ ವಲಸೆ ಅನ್ನುತ್ತಾನಲ್ಲ ಎಂದು ಜಗಳೂರಿನ ನೀವು ನಗಬಹುದು. ಆದರೆ ನಮ್ಮಲ್ಲಿ ಮಾತು ಶುರುವಾಗುವುದು ಮಳೆಯಿಂದ, ಇಲ್ಲಿ ಅಡಿಕೆ ರೇಟಿನಿಂದ. ಬೀದಿಯಲ್ಲಿ ಒಣಗಲು ಕೆಂಪಗೆ ಹರಡಿದ ಅಡಿಕೆಯನ್ನು ತುಳಿಯದಂತೆ ನಡೆಯುವುದನ್ನು ನಾನು ಕಲಿಯಬೇಕಾಯಿತು. ರೊಟ್ಟಿ ಕೇಳಿದರೆ ಮಗಳು ಭಾನುವಾರ ನೋಡೋಣ ಅನ್ನುತ್ತಾಳೆ. ಶಾಪಿನಲ್ಲಿ ದಿನವಿಡೀ ಯಾರಾದರೂ ಬಂದು ಕೂರುತ್ತಿದ್ದರು. ಇಲ್ಲಿ ತನು ಶಾಲೆಗೆ ಹೋದ ಮೇಲೆ ಗೋಡೆ ಗಡಿಯಾರದ ಸದ್ದೂ ಕೇಳಿಸುತ್ತಿತ್ತು. ಓಣಿಯವರು ನನಗೆ 'ಜಗಳೂರಜ್ಜ' ಎಂದು ಹೆಸರಿಟ್ಟರು. ನಾಕು ದಿನಕ್ಕೆ ನಾನೂ ಅದಕ್ಕೆ ಓಗೊಡತೊಡಗಿದೆ.

ಎಲ್ಲಕ್ಕಿಂತ ಕಷ್ಟವಾಗಿದ್ದು ಮಾತ್ರೆಗಳ ಲೋಕ. ದಾವಣಗೆರೆಯ ಡಾಕ್ಟರಮ್ಮ ನನ್ನನ್ನು ಕೂರಿಸಿ ಹೇಳಿದರು: ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಮೂತ್ರಪಿಂಡಕ್ಕೆ ತೊಂದರೆ ಕೊಡುತ್ತಿದೆ, ಅದನ್ನು ತಗ್ಗಿಸಿ ಇಡುವುದಕ್ಕೇ ಈ ಔಷಧಿ. ಮೊದಲು ಸ್ಟೀರಾಯ್ಡ್ ಕೊಟ್ಟರು. ಮಗುವಿನ ಕೆನ್ನೆ ಉಬ್ಬಿ ಮುಖ ದುಂಡಗಾಯಿತು. ಫೋಟೋ ನೋಡಿದ ನಮ್ಮವರೆಲ್ಲ "ಚನ್ನಗಿರಿ ನೀರು ಹಿಡಿಸೈತೆ, ಎಷ್ಟು ಚೆಂದ ಮೈ ತುಂಬ್ಕೊಂಡಾಳೆ" ಎಂದು ಮೆಚ್ಚಿದ್ದು ಅದನ್ನೇ! ಸ್ಟೀರಾಯ್ಡ್ ಕಡಿಮೆ ಮಾಡಿದಾಗಲೆಲ್ಲ ಕಾಯಿಲೆ ಮರಳುತ್ತಿತ್ತು. ಅದಕ್ಕೆ ಬೇರೆ ಮಾತ್ರೆ ಬಂತು. ಬೆಳಿಗ್ಗೆ, ರಾತ್ರಿ ದಿನವೂ ಒಂದೇ ಹೊತ್ತಿಗೆ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ನನ್ನ ತಮ್ಮ ನೋಡಲು ಬಂದವನು ದೊಡ್ಡ ಚಕ್ಕೋತ ಹಣ್ಣು ತಂದ. ತನು ಅದನ್ನು ಮುಟ್ಟದೆ, "ಇದು ನನ್ ಮಾತ್ರೆಗೆ ಆಗಿಬರಲ್ಲ ಚಿಕ್ ತಾತ, ನೀನೇ ತಿನ್ನು" ಎಂದಳು. ಪಾಪ, ಅವನು ಒಬ್ಬನೇ ಕೂತು ತಿಂದ.

ಕೆನ್ನೆ ಇಳಿಯಿತು, ಪರೀಕ್ಷೆ ತಿಳಿಯಾಗಿಯೇ ಬರುತ್ತಿತ್ತು. ಆದರೆ ಮೈಯ ಕಾವಲು ತಗ್ಗಿರುವುದರಿಂದ ಬೇರೆ ಮಕ್ಕಳಿಗೆ ವಾರದಲ್ಲಿ ಹೋಗುವ ಕಾಯಿಲೆ ಇವಳ ಜೀವಕ್ಕೇ ಬರಬಹುದು, ಮುಖ್ಯವಾಗಿ ಸೀತಾಳೆ ಸಿಡುಬು ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ನಾವು ಅದನ್ನು ಕಾಯಿಲೆ ಎಂದು ಕರೆಯುವುದಿಲ್ಲ. ಅಮ್ಮ ಬಂದಿದ್ದಾಳೆ ಅನ್ನುತ್ತೇವೆ, ಅದನ್ನೂ ಬಾಯಿಬಿಟ್ಟು ಆಡುವುದಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರೆ ನೋಡಿದವರು ತಾವೇ ತಿಳಿದುಕೊಳ್ಳಬೇಕು. ಈ ವಿಷಯದಲ್ಲಿ ಜಗಳೂರಿಗೂ ಚನ್ನಗಿರಿಗೂ ವ್ಯತ್ಯಾಸವಿಲ್ಲ.

ಬೇಸಿಗೆ ಶುರುವಾಗಿತ್ತು. ಹಾಲು ತರುತ್ತಿದ್ದ ನನ್ನನ್ನು ಎದುರು ಮನೆಯ ರುದ್ರಮ್ಮ ಓಣಿಯ ನಡುವೆ ತಡೆದಳು. ಅವಳ ಮಗಳು ಪವಿ ತನುವಿನ ಗೆಳತಿ.

"ಜಗಳೂರಜ್ಜಾರೇ, ಅಲ್ಲೇ ನಿಲ್ರಿ! ಹತ್ರ ಬರಬ್ಯಾಡ್ರಿ."

"ಏನಾತಮ್ಮ?"

"ನಮ್ ಪವಿಗೆ ಅಮ್ಮ ಬಂದಾಳ್ರಿ. ಈಗ ನೋಡ್ದೆ. ನಿನ್ನೆ ಇಬ್ರೂ ಒಂದೇ ಚಾಪೆ ಮ್ಯಾಲೆ ಆಡ್ಯಾರೆ. ಮೊದ್ಲು ಡಾಕ್ಟ್ರಿಗೆ ಫೋನ್ ಹಚ್ರಿ, ಆಮ್ಯಾಲೆ ಹಾಲು ಕಾಸ್ರಿ."

ಅವಳ ಬಾಗಿಲು ನೋಡಿದೆ. ಬೇವು ಇರಲಿಲ್ಲ. ನನ್ನ ಕಣ್ಣು ಹೋದದ್ದನ್ನು ಅವಳೂ ಕಂಡಳು.

"ಬೇವು ಆಮ್ಯಾಲೆ ಕಟ್ತೀನ್ರಿ, ಅಮ್ಮ ಕಾಯ್ತಾಳೆ. ಶಾಂತಕ್ಕ ನನ್ ಕೈಲಿ ಆಣೆ ಇಡ್ಸ್ಕಂಡಿದ್ರು. ಬೇವು ಕಟ್ಟೋದ್ರೊಳಗೆ ನಮ್ಮನೇಗೆ ಹೇಳ್ಬೇಕು ರುದ್ರಿ ಅಂತ. ನನ್ನೊಬ್ಬಳ ಹತ್ರ ಅಲ್ರಿ, ಈ ಓಣಿ ಎಲ್ಲಾ ಮನೇರ ಹತ್ರ. ಅವರು ಇಲ್ಲ ಅಂದ್ರೆ ಆಣೆ ಇಲ್ಲ ಅಂತೇನ್ರಿ?"

ಹಾಲಿನ ಪಾತ್ರೆ ಹಿಡಿದು ನಾನು ಓಣಿಯ ನಡುವೆಯೇ ನಿಂತಿದ್ದೆ. ತೀರಿಕೊಂಡವಳು ಎದುರಿಗೆ ಬಂದು ನಿಂತ ಹಾಗಾಯಿತು. "ನಿಂತ್ಕಂಡ್ರೆ ಹೆಂಗ್ರಿ? ಓಡ್ರಿ!" ಎಂದು ರುದ್ರಮ್ಮ ಗದರಿದಳು.

ಡಾಕ್ಟರಮ್ಮ ಕೂಡಲೇ ಬರಹೇಳಿದರು. ಷಣ್ಮುಖ ಅವತ್ತಿನ ಬಾಡಿಗೆ ಬಿಟ್ಟು ಅದೇ ವ್ಯಾನಿನಲ್ಲಿ ನಮ್ಮನ್ನು ದಾವಣಗೆರೆಗೆ ಕರೆದೊಯ್ದ. ತನುವಿಗೆ ಸಿಡುಬು ಹತ್ತದಂತೆ ತಡೆಯುವ ಇಂಜೆಕ್ಷನ್ ಕೊಟ್ಟರು. "ಹೊತ್ತಿಗೆ ಸರಿಯಾಗಿ ಬಂದಿದ್ದೀರಿ. ಇನ್ನು ಕೆಲವು ವಾರ ಕಣ್ಣಿಟ್ಟು ನೋಡಿ. ಜ್ವರ, ಗುಳ್ಳೆ ಏನು ಕಂಡರೂ ತಕ್ಷಣ ಬನ್ನಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ," ಅಂದರು.

ತಮ್ಮ ಜಗಳೂರಿನಿಂದ ಫೋನ್ ಮಾಡಿ, "ಮಾತ್ರೆಯಿಂದಾನೇ ಇಷ್ಟೆಲ್ಲಾ ಅಲ್ವೇನಣ್ಣ? ನಾಕು ದಿನ ಬಿಟ್ಬಿಡು" ಎಂದ.

"ಇಳಿಜಾರಿನಾಗೆ ಹೋಗೋ ಸೈಕಲ್ಲಿಗೆ ಬ್ರೇಕ್ ಕಿತ್ತಾಕಾಕೆ ಆಗ್ತೈತೇನಲೇ?" ಎಂದೆ. ಅವನು ನಕ್ಕ. ನಾನೂ ನಕ್ಕೆ, ಆದರೆ ಅವತ್ತಿನಿಂದ ತನುವಿನ ಬೆನ್ನು, ಹೊಟ್ಟೆಯ ಮೇಲೆ ಒಂದು ಸೊಳ್ಳೆ ಕಡಿದ ಗುರುತು ಕಂಡರೂ ಅವಳನ್ನು ಬೆಳಕಿಗೆ ಕರೆದು ಮತ್ತೆ ಮತ್ತೆ ನೋಡುತ್ತಿದ್ದೆ.

ಆ ವಾರಗಳಲ್ಲಿ ತನು ಶಾಲೆಗೆ ಹೋಗದೆ ಮನೆಯಲ್ಲೇ ಉಳಿದಳು. ಎದುರು ಕಿಟಕಿಯಲ್ಲಿ ಪವಿ, ಈ ಕಿಟಕಿಯಲ್ಲಿ ಇವಳು. ಓಣಿಯ ಮೇಲೆ ಮಾತೇ ಮಾತು.

"ಏ ತನೂ, ನನ್ ಮೂಗಿನ ಮ್ಯಾಲೂ ಒಂದು ಬಂದೈತೆ! ಹೊಟ್ಟೇವು ಎಣಿಸ್ತೀನಿ ಇರು."

ಒಳಗಿಂದ ರುದ್ರಮ್ಮ: "ಎಣಿಸಬ್ಯಾಡಲೇ ಮೂಳಿ, ಅಮ್ಮ ಸಿಟ್ಟಾಗ್ತಾಳೆ!"

"ಅಮ್ಮ ಸಿಟ್ಟಾಗಿಲ್ಲ, ನೀನೇ ಆಗಿರೋದು!"

ನಮ್ಮ ಮನೆಗೆ ಯಾರೂ ಒಳಗೆ ಬರುತ್ತಿರಲಿಲ್ಲ. ಆದರೆ ಕಟ್ಟೆಯ ಮೇಲೆ ದಿನವೂ ಏನಾದರೂ ಬಂದಿರುತ್ತಿತ್ತು. ತರಕಾರಿ, ಪೇಪರು, ಒಮ್ಮೆ ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ. ಯಾರಿಟ್ಟರು ಎಂದು ಕೇಳಿದರೆ, "ಜಗಳೂರಜ್ಜಗೆ ರೊಟ್ಟಿ ಇಲ್ದಿದ್ರೆ ನಿದ್ದಿ ಬರಲ್ಲಂತೆ, ಶಾಂತಕ್ಕ ಅಂತಿದ್ರು" ಎಂದು ಪಕ್ಕದ ಮನೆಯಿಂದ ಉತ್ತರ ಬಂತು. ಇಲ್ಲಿಲ್ಲದ ನನ್ನ ಬಗ್ಗೆ ಅವಳು ಇಷ್ಟೆಲ್ಲ ಮಾತಾಡಿಕೊಂಡಿದ್ದಳು. ಆ ರೊಟ್ಟಿ ತಿನ್ನುತ್ತಾ ಅತ್ತೆ. ಎಲ್ಲವನ್ನೂ ತಿಂದೆ.

ಡಾಕ್ಟರಮ್ಮ ಹೇಳಿದ್ದ ವಾರಗಳು ಕಳೆದವು. ತನುವಿಗೆ ಜ್ವರವೂ ಬರಲಿಲ್ಲ, ಗುಳ್ಳೆಯೂ ಏಳಲಿಲ್ಲ. ಇನ್ನು ಭಯವಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ ಮರುದಿನ ರುದ್ರಮ್ಮ ಅಮ್ಮನಿಗೆ ಎಡೆ ಇಟ್ಟು, ಮೊಸರನ್ನ ಹಿಡಿದು ಹೊಸ್ತಿಲ ಹೊರಗೆ ನಿಂತಳು. "ಕೈ ತೊಳ್ಕಂಡೀನ್ರಿ. ಒಳಗೆ ಬರ್ಲೇನ್ರಿ?" ತನು ಬಂದು ಅವಳ ಕೈ ಪರೀಕ್ಷಿಸಿ ಒಳಗೆ ಬಿಟ್ಟಳು.

ಮೊನ್ನೆ ಶಾಂತಮ್ಮನ ವರ್ಷದ ಕಾರ್ಯಕ್ಕೆ ಜಗಳೂರಿಗೆ ಬಂದಿದ್ದೆ. ಶಾಪಿನ ಬಾಗಿಲು ತೆಗೆದು ಧೂಳು ಹೊಡೆದೆ. ಪರಿಚಯದವರು, "ಓಹೋ, ಚನ್ನಗಿರಿಯೋರು ಬಂದ್ರು!" ಎಂದು ಕಾಲೆಳೆದರು. ತಮ್ಮ ಇಲ್ಲೇ ಇದ್ದುಬಿಡು ಎಂದ. ಮರುದಿನ ಬೆಳಿಗ್ಗೆ ಅವನ ಹೆಂಡತಿ ಗಾಜಿನ ಲೋಟದಲ್ಲಿ ನೀರು ಕೊಟ್ಟಳು. ನಾನು ಅದನ್ನು ಹಿಡಿದು ಕಿಟಕಿಯ ಹತ್ತಿರ ಹೋಗಿದ್ದೆ.

"ಯಾಕಣ್ಣ, ನೀರಿನಾಗೆ ಏನಾದ್ರೂ ಐತಾ?" ಎಂದು ತಮ್ಮ ಎದ್ದು ಬಂದ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅತ್ತ ಕಡೆಯಿಂದ ತನು, "ತಾತ, ತಿಳಿ ಐತೆ" ಎಂದಳು.

ಲೋಟದ ನೀರು ಕುಡಿದೆ. ನಮ್ಮ ಜಗಳೂರಿನ ನೀರಿನ ಆ ಸಣ್ಣ ಉಪ್ಪುರುಚಿ ನಾಲಿಗೆಗೆ ತಾಗಿತು. ಎಷ್ಟು ದಿನವಾಗಿತ್ತು ಅದು ಸಿಗದೆ. ಇನ್ನೊಂದು ಲೋಟ ಕೇಳಿ ಕುಡಿದು, ದಾವಣಗೆರೆಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ತಮ್ಮನನ್ನು ಕೇಳಿದೆ.