ಮಳಖೇಡದ ಕೋಟೆಯಲ್ಲಿ ಕೊನೆಯ ಹೊಡೆತ

ನಾನು ಸೇಡಂನ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಮಕ್ಕಳಿಗೂ ಗೊತ್ತು, ಮಾಸ್ತರರಿಗೂ ಗೊತ್ತು. ಕೊರಳಲ್ಲೊಂದು ಸೀಟಿ. ಅದನ್ನು ಊದಿದರೆ ಮೈದಾನದ ತುಂಬ ಇರುವ ಮಕ್ಕಳು ನಿಂತಲ್ಲೇ ನಿಲ್ಲುತ್ತಾರೆ. ಹಾಗಾಗಿಯೇ ನಮ್ಮ ಯುದ್ಧದಾಟದ ತಂಡದವರು ಕಾಳಗ ಕಲಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದರು.

ತಂಡ ದೊಡ್ಡದೇನಲ್ಲ, ಹದಿನಾಲ್ಕು ಜನ. ಶಹಾಬಾದಿನ ಕಲ್ಲಿನ ಪಾಲಿಶ್ ಕೆಲಸದವರು, ವಾಡಿಯ ಸಿಮೆಂಟ್ ಕಾರ್ಖಾನೆಯ ಕೆಲವರು, ಇಬ್ಬರು ಮಾಸ್ತರರು, ತಮಟೆಯಂಥ ಹಲಗೆ ಬಡಿಯುವವನೊಬ್ಬ. ಸಾವಿರ ವರ್ಷದ ಹಿಂದೆ ಮಾಳವದ ಸೈನ್ಯ ಮಳಖೇಡಕ್ಕೆ ನುಗ್ಗಿ ರಾಜಧಾನಿಯನ್ನು ಸೂರೆ ಮಾಡಿತಲ್ಲ, ಅದನ್ನು ಅದೇ ಕೋಟೆಯ ಮುಂದೆ ಆಡಿ ತೋರಿಸುವುದು ನಮ್ಮ ಹುಚ್ಚು. ಸಿಮೆಂಟ್ ಚೀಲಗಳನ್ನು ಮೂರು ಪದರ ಹೊಲಿದು ಬೆಳ್ಳಿ ಬಣ್ಣ ಬಳಿದರೆ ಎದೆಗವಚ. ಕತ್ತಿಗಳು ಮಾತ್ರ ನಿಜವಾದ ಕಬ್ಬಿಣದ ಪಟ್ಟಿಯವು. ಅಲಗನ್ನು ಮೊಂಡು ಮಾಡಿದ್ದೆವು, ಆದರೂ ತಲೆಬುರುಡೆ ಒಡೆಯಲು ಅದರ ತೂಕವೇ ಸಾಕಿತ್ತು.

ಮಾಳವದ ಸೇನಾಪತಿ ನನ್ನ ಅಣ್ಣ. ಶಹಾಬಾದಿನಲ್ಲಿ ಇಪ್ಪತ್ತಾರು ವರ್ಷದಿಂದ ಕಲ್ಲು ಕೊಯ್ಯುವ ಮಷೀನ್ ಮುಂದೆ ನಿಂತವನು. ಕೋಟೆಯ ಕಾವಲುಗಾರ ಚಿತ್ತಾಪುರ ಕೋರ್ಟಿನ ಗುಮಾಸ್ತರು. “ಮೇಡಂ, ಜಗತ್ತಿನಾಗ ವಾರಕ್ಕೊಮ್ಮೆ ಸಾಯಾಂವ ನಾ ಒಬ್ಬಾಂವ ನೋಡ್ರಿ” ಎಂದು ಎಲ್ಲರನ್ನೂ ನಗಿಸುವವರು. ಆಟದ ಕೊನೆಗೆ ಅವರಿಬ್ಬರೇ ಉಳಿಯುತ್ತಾರೆ. ಕಾವಲುಗಾರ ಮೊಣಕಾಲೂರಿ ಢಾಲು ಎತ್ತುತ್ತಾನೆ. ಸೇನಾಪತಿ ಒಂದು ಸುತ್ತು ಗಿರ್ರನೆ ತಿರುಗಿ, ಮೈಯ ಬಲವನ್ನೆಲ್ಲ ಹಾಕಿ ಕತ್ತಿಯನ್ನು ಆ ಢಾಲಿನ ಮೇಲೆ ಇಳಿಸುತ್ತಾನೆ. ಜನ ಬಾಯಿ ಬಿಟ್ಟು ನೋಡುವುದು ಇದನ್ನೇ. ಆದರೆ ತಿರುಗುವಾಗ ಅವನ ಬೆನ್ನು ಕಾವಲುಗಾರನ ಕಡೆಗಿರುತ್ತದೆ. ಢಾಲು ಮೇಲಿದೆಯೋ ಕೆಳಗಿದೆಯೋ ಅವನಿಗೆ ಕಾಣುವುದಿಲ್ಲ. ಅದಕ್ಕೇ ನಾನೊಂದು ಕಟ್ಟುನಿಟ್ಟಿನ ನಿಯಮ ಮಾಡಿದ್ದೆ: ಸೀಟಿ ಕೇಳಿದ ಕೂಡಲೇ ಕತ್ತಿ ಕೆಳಗೆ.

ಪ್ರದರ್ಶನಕ್ಕೆ ಒಂದು ವಾರವಿತ್ತು. ಭಾನುವಾರ ಬೆಳಿಗ್ಗೆ ತಾಲೀಮು ನಡೆದಾಗ ಗುಮಾಸ್ತರ ಢಾಲಿನ ಹಿಡಿಪಟ್ಟಿ ಹರಿದು ಢಾಲು ನೆಲಕ್ಕೆ ಬಿತ್ತು. ಅಣ್ಣ ಆಗಷ್ಟೇ ತಿರುಗಲು ಶುರು ಮಾಡಿದ್ದ. ನಾನು ಉಸಿರೆಲ್ಲ ಹಾಕಿ ಸೀಟಿ ಊದಿದೆ. ಉಳಿದವರೆಲ್ಲ ನಿಂತರು, ಅಣ್ಣ ನಿಲ್ಲಲಿಲ್ಲ. ಗುಮಾಸ್ತರು ಪಕ್ಕಕ್ಕೆ ಉರುಳಿಕೊಂಡಿದ್ದರಿಂದ ಕತ್ತಿ ಅವರ ಹೆಗಲು ಸವರಿಕೊಂಡು ನೆಲಕ್ಕೆ ಬಡಿಯಿತು.

“ಕಿವಿ ಏನು ಮನ್ಯಾಗ ಕಿತ್ತಿಟ್ಟು ಬಂದೀಯೇನು?” ಎಂದು ಎಲ್ಲರೆದುರು ಕಿರುಚಿದೆ. “ನೀ ಭಾಳ ದೊಡ್ಡ ಸೇನಾಪತಿ ಆಗೀದಿ, ತಂಗಿ ಸೀಟಿಗೆ ನಿಂತ್ರ ಮರ್ಯಾದಿ ಹೋಗ್ತದಲ್ಲ ನಿಂದು!”

“ಜೋಶಿನಾಗ ಇದ್ದೆ. ತಪ್ಪಾತು,” ಎಂದ ಅಣ್ಣ.

ಸಿಟ್ಟು ಮರುದಿನಕ್ಕೂ ಇಳಿಯಲಿಲ್ಲ. ಶಾಲೆ ಬಿಟ್ಟ ಕೂಡಲೇ ಬಸ್ ಹಿಡಿದು ಶಹಾಬಾದಿಗೆ ಹೋದೆ. ಗುಮಾಸ್ತರ ಕ್ಷಮೆ ಕೇಳಿಸದೆ ಬಿಡಬಾರದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಣ್ಣನ ಮನೆಯ ಬಾಗಿಲು ತೆರೆದೇ ಇತ್ತು. ಅವನ ಹೆಂಡತಿ, ನಮ್ಮ ವೈನಿ, ನಳದ ನೀರಿಗೆ ಹೋಗಿದ್ದಳು. ಅಣ್ಣ ಅಡುಗೆಮನೆಯ ಹೊಸ್ತಿಲ ಹತ್ತಿರ, ನನಗೆ ಬೆನ್ನು ಮಾಡಿ ಕುಳಿತು ಪೇಪರ್ ಓದುತ್ತಿದ್ದ. ಅವನಿಂದ ಎರಡು ಮಾರು ದೂರದಲ್ಲಿ ಒಲೆಯ ಮೇಲೆ ಕುಕ್ಕರ್. ಅದು ಸೀಟಿ ಹೊಡೆಯಿತು. ಇನ್ನೊಮ್ಮೆ ಹೊಡೆಯಿತು. ಐದನೆಯ ಸೀಟಿಗೆ ಬೇಳೆ ಹೊತ್ತಿದ ವಾಸನೆ ನನ್ನ ಮೂಗಿಗೆ ಬಂತು. ಅವನು ಪುಟ ತಿರುವಿದ.

ನನ್ನ ಕೈ ತಾನಾಗಿಯೇ ಕೊರಳಿಗೆ ಹೋಯಿತು. ಅವನ ಬೆನ್ನ ಹಿಂದೆ ನಿಂತು ಸೀಟಿ ಊದಿದೆ. ಓಣಿಯ ನಾಯಿ ಬೊಗಳಿತು. ಅಣ್ಣ ತಿರುಗಲಿಲ್ಲ.

ಕೊಡ ಹೊತ್ತು ಬಂದ ವೈನಿ, ಬಾಯಲ್ಲಿ ಸೀಟಿ ಇಟ್ಟುಕೊಂಡು ನಿಂತ ನನ್ನನ್ನು ನೋಡಿ ಕೊಡವನ್ನು ಅಲ್ಲೇ ಇಳಿಸಿದಳು. “ಯಾರ ಮುಂದೂ ಆಡಬ್ಯಾಡ ಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ,” ಎಂದಳು. “ಸಾವ್ಕಾರಗ ಗೊತ್ತಾದ್ರ ಮಷೀನ್ ಮ್ಯಾಲಿಂದ ತೆಗೀತಾನ. ಈ ವಯಸ್ಸಿನಾಗ ಕಲ್ಲು ಹೊರಾಕ ಹಚ್ಚತಾನ.”

ಆಗ ಅಣ್ಣ ನನ್ನನ್ನು ಕಂಡ. ನನ್ನ ಮುಖ ನೋಡಿಯೇ ಅವನಿಗೆ ಅರ್ಥವಾಯಿತು. “ಗಂಡಸರ ಮಾತು ಕೇಳಸ್ತಾವ. ಹಲಗಿ ಕೇಳಸ್ತದ. ಸೀಟಿಯಂಥ ಚೂಪು ದನಿ ಅಷ್ಟ ಕೇಳಸೂದಿಲ್ಲ,” ಎಂದ. ಪೇಪರ್ ಮಡಚಿಟ್ಟು, “ಈ ಪಾತ್ರ ಒಂದು ಕಸಗೋಬ್ಯಾಡ,” ಎಂದ. ನನಗೆ ತಲೆ ಎತ್ತಿ ಅವನನ್ನು ನೋಡಲಾಗಲಿಲ್ಲ. ಕಿವಿ ಕಿತ್ತಿಟ್ಟು ಬಂದೀಯೇನು ಎಂದು ಕೇಳಿದವಳು ನಾನೇ ತಾನೆ!

ಪಾತ್ರ ಕಸಿದುಕೊಳ್ಳಲಿಲ್ಲ, ಒಂದು ಸುಳ್ಳು ಹೇಳಿದೆ. ತಂಡವನ್ನು ಕೂಡಿಸಿ, “ರಾಜರ ಕಾಲದಾಗ ಸೀಟಿ ಎಲ್ಲಿತ್ರಿ? ನೋಡಾಕ ಛಂದ ಕಾಣೂದಿಲ್ಲ. ಇನ್ನ ಮುಂದ ಹಲಗಿ ಜೋರಾಗಿ ಬಡದ್ರ ನಿಂದ್ರೂದು,” ಎಂದೆ. ಎಲ್ಲರೂ ಹೌದ್ಹೌದು ಎಂದರು. ಗುಮಾಸ್ತರಂತೂ, “ಮೇಡಂ ಭಾಳ ಓದ್ಯಾರ ಬಿಡ್ರಿ,” ಎಂದು ಹೊಗಳಿದರು. ಉಳಿದ ತಾಲೀಮುಗಳಲ್ಲಿ ಹಲಗೆ ಬಡಿದಾಗೆಲ್ಲ ಅಣ್ಣ ತಕ್ಷಣ ನಿಂತ. ನನಗೆ ಧೈರ್ಯ ಬಂತು.

ಪ್ರದರ್ಶನದ ದಿನ ಇಳಿಹೊತ್ತಿಗೆ ಕೋಟೆಯ ಮುಂದೆ ಸೂಜಿ ಬಿದ್ದರೂ ನೆಲಕ್ಕೆ ಹೋಗದಷ್ಟು ಜನ. ನಾವು ಲೆಕ್ಕಕ್ಕೆ ಹಿಡಿಯದ ವಿಷಯ ಒಂದಿತ್ತು. ಆಟದಲ್ಲಿ ಸೋಲುವುದು ಮಳಖೇಡದವರು, ನೋಡಲು ಬಂದವರೂ ಮಳಖೇಡದವರು. ತಮ್ಮ ಕಾವಲುಗಾರ ಒಬ್ಬನೇ ಉಳಿದನೆಂದು ಕಂಡದ್ದೇ ತಡ, ಊರ ಹುಡುಗರು ತಾವು ತಂದಿದ್ದ ಹಲಗೆಗಳನ್ನು ಬಡಿಯಲು ಶುರು ಮಾಡಿದರು. ಒಂದಲ್ಲ, ಐದಾರು ಹಲಗೆ. ನಮ್ಮ ಹಲಗೆಯವನು ನನ್ನ ಕಡೆ ನೋಡಿ ಏನು ಮಾಡಲಿ ಎನ್ನುವಂತೆ ಕೈ ತಿರುಗಿಸಿದ.

ಗುಮಾಸ್ತರು ಮೊಣಕಾಲೂರಿದರು. ಕಾಲಡಿಯ ಸಣ್ಣ ಕಲ್ಲು ಜಾರಿತು. ಅವರು ಅಂಗಾತ ಬಿದ್ದರು, ಢಾಲು ಉರುಳಿ ದೂರ ಹೋಯಿತು. ಅಣ್ಣನ ಬೆನ್ನು ಆ ಕಡೆಗಿತ್ತು. ನಮ್ಮವನು ಹಲಗೆ ಹರಿಯುವಂತೆ ಬಡಿದ; ಅಷ್ಟು ಹಲಗೆಗಳ ನಡುವೆ ಅದು ಯಾರಿಗೆ ತಿಳಿಯಬೇಕು? ನಾನು ಸೀಟಿ ಊದಿದೆ. ಸುತ್ತ ನಿಂತ ಸೈನಿಕರೆಲ್ಲ ಕತ್ತಿ ಇಳಿಸಿದರು. ಆ ಸದ್ದಿನಲ್ಲೂ ಅದು ಎಲ್ಲರಿಗೂ ಕೇಳಿಸಿತ್ತು, ಅಣ್ಣನೊಬ್ಬನನ್ನು ಬಿಟ್ಟು.

ನಾನು ಓಡಿದೆ. ಗುಮಾಸ್ತರ ಮೇಲೆ ಬಾಗಿ ಎಡಗೈ ಎತ್ತಿದ್ದಷ್ಟೇ ನೆನಪು. ಕತ್ತಿ ಮುಂಗೈಗೆ ಬಿತ್ತು. ಮೂಳೆ ಮುರಿದದ್ದು ನೋವಿಗಿಂತ ಮೊದಲು ಸದ್ದಿನಿಂದ ಗೊತ್ತಾಯಿತು. ಊರನ್ನು ಉಳಿಸಲು ಹೆಣ್ಣುಮಗಳೊಬ್ಬಳು ಬಂದಳೆಂದು ತಿಳಿದು ಜನ ಸಿಳ್ಳೆ ಹೊಡೆದರು.

ಕೋಟೆಯ ಬಾಗಿಲ ಬಳಿ ನನ್ನನ್ನು ಕೂರಿಸಿದರು. ಗುಮಾಸ್ತರು ತಮ್ಮ ರುಮಾಲು ಬಿಚ್ಚಿ, ಕತ್ತಿಯ ಮರದ ಒರೆಯೊಂದನ್ನು ಆಸರೆಗಿಟ್ಟು ಕೈ ಕಟ್ಟುತ್ತಿದ್ದರು. ತಂಡದವರೆಲ್ಲ ಸುತ್ತ ನಿಂತಿದ್ದರು. ಅಣ್ಣನ ಜೊತೆ ಅದೇ ಸಾವ್ಕಾರನ ಕೈಕೆಳಗೆ ದುಡಿಯುವ ಇಬ್ಬರೂ ಇದ್ದರು.

“ನಿಮ್ಮಣ್ಣಗ ಸೀಟಿ ಕೇಳಸೂದಿಲ್ಲಂತ ನಿಮಗ ಮೊದಲ ಗೊತ್ತಿತ್ತೇನ್ರಿ ಮೇಡಂ?” ಗುಮಾಸ್ತರು ಸಣ್ಣ ದನಿಯಲ್ಲಿ ಕೇಳಿದರು. ಹೌದೆಂದು ತಲೆಯಾಡಿಸಿದೆ.

ಅವರು ಗಂಟು ಬಿಗಿದು ಮುಗಿಸಿದರು. ಆಮೇಲೆ ದನಿ ಏರಿತು. “ನನಗೊಬ್ಬಗ ಹೇಳಿದ್ರ ಸಾಕಿತ್ತಲ್ರಿ. ನಾ ಯಾರ ಮುಂದ ಆಡ್ತಿದ್ದೆ? ಅಂವ ತಿರಗೂದ ಬ್ಯಾಡ, ಎದುರಾಬದುರಾ ನಿಂತು ಆಡೋಣಂತಿದ್ದೆ. ತಲಿ ನಂದಿತ್ತಲ್ರಿ ಮೇಡಂ.”

ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆನೇನೋ. ಆದರೆ ಅವರು ಹೇಳಿದ್ದು ನಿಜ. ಅಣ್ಣನ ಅನ್ನ ಉಳಿಸುತ್ತಿದ್ದೇನೆ ಎಂದುಕೊಂಡು, ನಮ್ಮನ್ನು ನಂಬಿ ಮೊಣಕಾಲೂರುತ್ತಿದ್ದ ಮನುಷ್ಯನನ್ನು ನಾನು ಒಂದು ಮಾತೂ ಕೇಳಿರಲಿಲ್ಲ.

ಅಣ್ಣ ಆಚೆ ಕಲ್ಲಿನ ಮೇಲೆ ಕುಳಿತಿದ್ದ. ಗುಮಾಸ್ತರ ಏರಿದ ದನಿ ಅವನಿಗೆ ಪೂರ್ತಿ ಕೇಳಿಸಿತ್ತು. ಎದ್ದು ಬಂದು ಎಲ್ಲರ ನಡುವೆ ನಿಂತ.

“ಆಕೀಗೆ ಏನೂ ಅನಬ್ಯಾಡ್ರಿ. ನನ್ನ ಕಿವಿ ಹೋಗಿ ನಾಕು ವರ್ಷಾತು. ಮುಚ್ಚಿಟ್ಟಾಂವ ನಾನು,” ಎಂದ.

ಜೊತೆಗೆ ದುಡಿಯುವ ಆ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಣ್ಣ ಅವರ ಕಡೆ ತಿರುಗಲಿಲ್ಲ. ಗುಮಾಸ್ತರು ಏನನ್ನುತ್ತಾರೋ ಎಂದು ಅವರ ತುಟಿಗಳನ್ನೇ ನೋಡುತ್ತಾ ನಿಂತಿದ್ದ.