ಉಪವಾಸದವರ ಸಾರು

ವಳ್ಳೂರಿನ ಸೋಲಾರ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದಾಗ ಶಿರಾ ಕಡೆಯ ಡ್ರೈವರ್ ಚಾಚಾ ಒಬ್ಬರು ನನ್ನ ರೂಮಿನಲ್ಲಿದ್ದರು. ಅಡಿಗೆ ಅವರದೇ. ನಾನು ಫೋನಿನಲ್ಲಿ ವಿಡಿಯೋ ಹಾಕಿ ಸಾಮಾನಿನ ಪಟ್ಟಿ ಓದಿದರೆ, "ಅದೆಲ್ಲ ಯಾಕ್ಲಾ? ಮನೇಲಿ ಏನೈತೆ, ಅದ್ ಹೇಳು" ಅನ್ನುತ್ತಿದ್ದರು. ಎರಡು ಬದನೆಕಾಯಿ, ಒಂದು ಹಿಡಿ ಬೇಳೆ ಇದ್ದರೆ ಅವರಿಗೆ ಸಾಕು.

ರಂಜಾನಿನಲ್ಲಿ ಉಪವಾಸವಿದ್ದುಕೊಂಡೇ ಸಂಜೆ ಅಡಿಗೆ ಮಾಡುತ್ತಿದ್ದರು. ಅವರು ರುಚಿ ನೋಡುವಂತಿರಲಿಲ್ಲ. ನನ್ನ ಅಂಗೈಗೆ ಸಾರು ಬಿಟ್ಟು, "ಇದಕ್ಕೇನ್ ಬೇಕಂತೆ, ಕೇಳ್ಲಾ" ಅನ್ನುತ್ತಿದ್ದರು.

ಒಂದು ದಿನ ನಾನು ಫೋನು ನೋಡುತ್ತಾ, ನೆಕ್ಕದೆಯೇ "ಸರಿಯಾಗೈತೆ ಚಾಚಾ" ಅಂದುಬಿಟ್ಟೆ. ಅವತ್ತು ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಬೆಳಗಿನಿಂದ ನೀರೂ ಕುಡಿಯದ ಮನುಷ್ಯ ಖರ್ಜೂರ ತಿಂದು, ಅದೇ ಸಾರಿನಲ್ಲಿ ಅನ್ನ ಕಲಸಿಕೊಂಡು ಪೂರ್ತಿ ಉಂಡರು. ನಾನು ಒಂದು ತುತ್ತಿಗೇ ಕೈ ನಿಲ್ಲಿಸಿದೆ.

"ಬೈಯಿ ಚಾಚಾ" ಅಂದೆ.

"ಉಣ್ಣೋವಾಗ ಏನ್ ಬೈಯೋದು, ನೀರ್ ಕುಡಿ" ಅಂದರು.

ಇನ್ನು ನನ್ನನ್ನು ಕೇಳುವುದಿಲ್ಲ ಅಂದುಕೊಂಡಿದ್ದೆ. ಮಾರನೆಯ ದಿನ ಸೌಟನ್ನೇ ಕೈಗೆ ಕೊಟ್ಟರು. ಮೂರು ಸಲ ನೆಕ್ಕಿ ನೋಡಿ, "ಒಂಚೂರು ಹುಣಸೆಹುಳಿ ಬೇಕು" ಅಂದೆ.

"ಹಾಕು ಮತ್ತೆ" ಅಂದವರು ಪಾತ್ರೆಯ ಕಡೆ ನೋಡಲೂ ಇಲ್ಲ, ನಮಾಜಿಗೆ ಕೈಕಾಲು ತೊಳೆಯಲು ಹೊರಗೆ ಹೋದರು.