ಕಿಟಕಿಗೆ ಹಿಡಿದ ಸ್ಕ್ಯಾನ್ ಫಿಲ್ಮು

ಸರಸ್ವತಿಪುರಂನ ಗೌರಮ್ಮನವರಿಗೆ ಸ್ಟ್ರೋಕ್ ಆಗಿ ಬಲಗೈ ಸ್ವಾಧೀನ ತಪ್ಪಿತ್ತು. ಫಿಸಿಯೋಥೆರಪಿ ಮಾಡಿಸಲು ನಾನು ದಿನಾ ಅವರ ಮನೆಗೆ ಹೋಗುತ್ತಿದ್ದೆ. ಅಲ್ಲಿ ನನ್ನ ಮೈ ಉರಿಸುತ್ತಿದ್ದವರು ನೋಡಲು ಬರುವ ನೆಂಟರು. ಬಂದವರೆಲ್ಲ ಮೂಸಂಬಿ ಕೊಟ್ಟು, ಮೆದುಳಿನ ಸ್ಕ್ಯಾನ್ ಫಿಲ್ಮ್ ಕೇಳಿ ತೆಗೆದುಕೊಂಡು, ಕಿಟಕಿ ಬೆಳಕಿಗೆ ಹಿಡಿದು, ಗೌರಮ್ಮನವರ ಎದುರೇ ಭವಿಷ್ಯ ಹೇಳುತ್ತಿದ್ದರು.

ಅವತ್ತು ಅವರ ಭಾವನವರ ಸರದಿ. ರಿಟೈರಾದ ಬ್ಯಾಂಕ್ ಮ್ಯಾನೇಜರು.

"ಇಷ್ಟು ದೊಡ್ಡ ಕಪ್ಪು ಮಚ್ಚೆ ಇದೆ. ಈ ಕೈ ಇನ್ನು ಬರಲ್ಲ ಕಣ್ರೀ. ಸುಮ್ನೆ ಯಾಕೆ ಹಿಂಸೆ ಕೊಡ್ತೀರಾ?"

ಗೌರಮ್ಮ ಕಣ್ಣು ಮುಚ್ಚಿಕೊಂಡರು. ನನಗೆ ರೇಗಿಹೋಯಿತು.

"ಸ್ವಾಮಿ, ಕೈ ಎಷ್ಟು ವಾಪಸ್ ಬರುತ್ತೆ ಅಂತ ಆ ಫಿಲ್ಮ್ ನೋಡಿ ಡಾಕ್ಟ್ರಿಗೇ ಖಡಾಖಂಡಿತವಾಗಿ ಹೇಳೋಕಾಗಿಲ್ಲ, ನೀವೆಲ್ಲಿ ಕಲಿತ್ರಿ? ಅದು ಅವರು ಬಿದ್ದ ವಾರ ತೆಗೆದಿದ್ದು. ಇವತ್ತಿನ ಕೈ ನಿಮ್ಮ ಮುಂದೇನೇ ಇದೆ. ಅದನ್ನ ನೋಡ್ರೀ!"

"ಮೆಷಿನ್ನು ಸುಳ್ಳು ಹೇಳುತ್ತೇನ್ರೀ?" ಎಂದು ಅವರು ಮತ್ತೆ ಕಿಟಕಿಯ ಕಡೆ ತಿರುಗಿದರು.

ಗೌರಮ್ಮ ಕಣ್ಣು ಬಿಟ್ಟರು. ಭಾವನವರಿಗೆಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕಾಫಿ ಇಟ್ಟಿತ್ತು. ಆ ಲೋಟವನ್ನು ಅದೇ ಬಲಗೈಯಿಂದ, ತುಟಿ ಕಚ್ಚಿಕೊಂಡು, ನಿಧಾನವಾಗಿ ಅಂಚಿನವರೆಗೆ ತಳ್ಳಿ ಕೆಳಕ್ಕೆ ಬೀಳಿಸಿದರು.

ಫಿಲ್ಮಿನಿಂದ ಕಣ್ಣು ತೆಗೆಯದೆಯೇ ಭಾವನವರು ಕೇಳಿದರು: "ಬೆಕ್ಕೇನಾದ್ರೂ ಬಂತಾ?"